ಸತ್ಯಾಂಶ: ಶುದ್ಧ ಪರಿಸರದ ಹಕ್ಕು ನಮಗಿಲ್ಲವೇ?

‘ಜರ್ಮನಿಯಲ್ಲಿ ಶುದ್ಧ ಪರಿಸರ ಪ್ರಜೆಯ ಹಕ್ಕು, ನಮ್ಮ ಸಂವಿಧಾನದಲ್ಲಿ ಅದರ ಸುಳಿವೇ ಇಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡು ಮಾತೂ ತಪ್ಪು.

ಜರ್ಮನಿಯ ಸಂವಿಧಾನಕ್ಕೆ 1994ರಲ್ಲಿ ಸೇರಿದ 20ಎ ವಿಧಿ ಪರಿಸರ ರಕ್ಷಣೆಯನ್ನು ಸರ್ಕಾರದ ಹೊಣೆಯಾಗಿಸಿತೇ ಹೊರತು ಪ್ರಜೆಯ ಹಕ್ಕಾಗಿಸಲಿಲ್ಲ. ಹಕ್ಕೆಂದೇ ಬರೆದುಕೊಂಡದ್ದು ದಕ್ಷಿಣ ಆಫ್ರಿಕಾ. ಈಕ್ವೆಡಾರ್ 2008ರಲ್ಲಿ ಪ್ರಕೃತಿಗೇ ಹಕ್ಕು ಕೊಟ್ಟಿತು.

ನಮ್ಮಲ್ಲಿ 1976ರ 42ನೇ ತಿದ್ದುಪಡಿ 48ಎ, 51ಎ(ಜಿ) ವಿಧಿಗಳನ್ನು ತಂದಿತು: ಪರಿಸರವನ್ನು ಕಾಪಾಡಬೇಕೆಂದು ಒಂದು ಸರ್ಕಾರಕ್ಕೆ ಹೇಳಿದ ಮಾತು, ಇನ್ನೊಂದು ಪ್ರಜೆಗೆ. ಅವನ್ನಷ್ಟೇ ಹಿಡಿದು ನ್ಯಾಯಾಲಯದ ಮೆಟ್ಟಿಲೇರುವುದು ಕಷ್ಟ. ಸಂದೇಶದಲ್ಲಿ ಎಳ್ಳಷ್ಟು ಸತ್ಯವಿದ್ದರೆ ಇಲ್ಲಿ. ನಿಜವಾದ ಬಲ ಇರುವುದು ಬದುಕುವ ಹಕ್ಕನ್ನು ಕೊಡುವ 21ನೇ ವಿಧಿಯಲ್ಲಿ. ಬದುಕುವ ಹಕ್ಕೆಂದರೆ ಘನತೆಯಿಂದ ಬದುಕುವ ಹಕ್ಕು ಎಂದು ಸುಪ್ರೀಂ ಕೋರ್ಟ್ 1981ರಲ್ಲಿ ಹೇಳಿತು. 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಮಾಲಿನ್ಯವಿಲ್ಲದ ನೀರು, ಗಾಳಿಯೂ ಅದರೊಳಗೆ ಬಂದವು. ಸ್ವಾರಸ್ಯವೆಂದರೆ, ಕಲ್ಲಿದ್ದಲು ತೊಳೆದ ಕೆಸರನ್ನು ಬೊಕಾರೊ ನದಿಗೆ ಬಿಡುತ್ತಿದ್ದಾರೆಂದು ದೂರಿದ್ದ ಆ ಅರ್ಜಿಯೇ ವಜಾ ಆಯಿತು. ಅರ್ಜಿದಾರರದು ಸ್ವಂತ ಹಿತ ಎಂದು ನ್ಯಾಯಾಲಯಕ್ಕೆ ಕಂಡಿತ್ತು. ಹಕ್ಕು ಮಾತ್ರ ದೇಶಕ್ಕೆಲ್ಲ ಉಳಿಯಿತು. 2024ರಲ್ಲಿ ಅದೇ ನ್ಯಾಯಾಲಯ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆಯ ಹಕ್ಕನ್ನೂ ಸಮಾನತೆಯ 14ನೇ ವಿಧಿ ಮತ್ತು ಇದೇ 21ನೇ ವಿಧಿಯಲ್ಲಿ ಗುರುತಿಸಿತು.