ಐದು ಕಿಲೋ ಬೇಳೆ, ಒಂದು ಬೆರಳು

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಹಬ್ಬ, ಮುಗಿದ ಮೂರನೇ ದಿನ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಸ್ಪರ್ಧೆ ಇಟ್ಟರು. ಕಲಬುರಗಿಯಲ್ಲಿ ಹಬ್ಬದ ದಿನ ಊರು ಅರ್ಧ ಖಾಲಿ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಇದ್ದವರ ಹೊಲಕ್ಕೆ ಹೋಗಿ, ಸಜ್ಜಿ ರೊಟ್ಟಿ, ಸೊಪ್ಪು ಕಾಳು ಕೂಡಿಸಿ ಮಾಡಿದ ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಹೊಡೆದು, ಬೇವಿನ ಮರದ ಕೆಳಗೆ ಒಂದು ನಿದ್ದೆ ಮಾಡಿ ಬರುವುದು ರೂಢಿ. ಹೋದವರೆಲ್ಲ ಫೋಟೋ ತೆಗೆದುಕೊಂಡೇ ಬಂದಿರುತ್ತಾರೆ. ಬಹುಮಾನ ಐದು ಕಿಲೋ ತೊಗರಿ ಬೇಳೆ, ಓಣಿಯಲ್ಲೇ ಇರುವ ದಾಲ್ ಮಿಲ್ ಸಾವ್ಕಾರರ ಲೆಕ್ಕದಲ್ಲಿ. ತೊಗರಿ ಬೆಳೆಯುವ ಊರಲ್ಲಿ ತೊಗರಿ ಬೇಳೆ ಬಹುಮಾನವಾ ಅಂತ ನಗಬೇಡಿ. ಅಂಗಡಿಗೆ ಹೋಗಿ ರೇಟ್ ಕೇಳಿ ಬನ್ನಿ, ಆಮೇಲೆ ಮಾತಾಡೋಣ.

ನಾನು ಹಾಕಿದ್ದು ನಮ್ಮ ಭಾವ ಚರಗ ಚೆಲ್ಲುವ, ಅಂದರೆ ಹಬ್ಬದ ಅಡುಗೆಯನ್ನು ಭೂಮಿತಾಯಿಗೆ ಅಂತ ಹೊಲದಲ್ಲಿ ಎರಚುವ ಫೋಟೋ. ಭಾವ ಜೋಳದ ಸಾಲಿನ ನಡುವೆ ನಿಂತಿದ್ದಾರೆ, ಕೈ ಮೇಲೆ ಹೋಗಿದೆ, ಭಜ್ಜಿ ಕಡುಬು ಎಲ್ಲ ಗಾಳಿಯಲ್ಲಿದೆ, ಒಂದು ಅಗುಳೂ ಇನ್ನೂ ನೆಲ ಮುಟ್ಟಿಲ್ಲ. ಅವರ ಮುಖ ಆಕಡೆ. ಬಲಗಡೆ ಕೆಳಮೂಲೆಯಲ್ಲಿ ಮಸುಕಾಗಿ ಒಂದು ಕೆಂಪು ಛಾಯೆ. ಮಧ್ಯಾಹ್ನದ ಬಿಸಿಲು ಲೆನ್ಸಿಗೆ ಬಡಿದು ಬಂದಿದ್ದು ಅಂತ ನಾನು ತಿಳಿದಿದ್ದೆ, ಮತ್ತೆ ಇಡೀ ಫೋಟೋದಲ್ಲಿ ನನಗೆ ಜಾಸ್ತಿ ಹಿಡಿಸಿದ್ದೂ ಅದೇ.

ನಾಲ್ಕು ವೋಟು ಬಂದವು.

ಗೆದ್ದಿದ್ದು ಒಂದು ಕೂಸಿನ ಫೋಟೋ. ತಲೆಗೆ ರುಮಾಲು ಸುತ್ತಿ ಕೈಯಲ್ಲಿ ಜೋಳದ ತೆನೆ ಕೊಟ್ಟು ಕೂಡಿಸಿದ್ದಾರೆ. ಸುತ್ತಲೂ ಯಾವುದೋ ಆ್ಯಪಿನ ಹೃದಯಗಳು, ಮೇಲೆ ‘ಶುಭ ಮುಂಜಾನೆ’. ಅದಕ್ಕೆ ಐವತ್ತೆಂಟು. ವಾಟ್ಸಾಪ್ ಪೋಲಿನಲ್ಲಿ ಒಂದು ತೊಂದರೆ ಇದೆ, ಯಾರು ಯಾರಿಗೆ ಹಾಕಿದ್ದಾರೆ ಅಂತ ಒತ್ತಿದರೆ ಹೆಸರು ಸಮೇತ ಕಾಣುತ್ತದೆ. ಒತ್ತಬಾರದಿತ್ತು, ಒತ್ತಿದೆ. ಆ ಐವತ್ತೆಂಟರಲ್ಲಿ ನನ್ನ ಹೆಂಡತಿಯೂ ಇದ್ದಳು.

"ಆ ಕೂಸಿನ ಅಜ್ಜಿ ದಿನಾ ಮಾರಿ ನೋಡ್ತಾರ್ರಿ, ಹಾಕ್ಲಿಲ್ಲಂದ್ರ ಹ್ಯಾಂಗ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಐದ್ ಕಿಲೋ ಬೇಳಿ ಹೋತು ನೋಡ್ರಿ" ಅಂತ ನನ್ನ ಕಡೆಯೇ ನೋಡಿದಳು, ನಾನೇ ಕಳೆದ ಹಾಗೆ.

ಕಾಮೆಂಟುಗಳೂ ಬಂದಿದ್ದವು. "ಮಾರಿ ಕಾಣವಲ್ದು." "ಅನ್ನ ಯಾಕ ಅಲಗಾಡ್ಯಾದ?" ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡುವ ಹುಡುಗ ಬರೆದಿದ್ದ: "ಕಾಕಾ, ಬಲಗಡಿ ಮೂಲ್ಯಾಗ ಬೆರಳ ಬಂದದ." ಅದು ಬೆರಳಲ್ಲ, ಬೆಳಕು ಅಂತ ನಾನು ಉತ್ತರಿಸಿದೆ. ಅವನು ಥಂಬ್ಸ್ ಅಪ್ ಒತ್ತಿ ಸುಮ್ಮನಾದ. ಆಗ ಅದರಲ್ಲಿ ಏನೂ ಚುಚ್ಚುಮಾತು ಕಾಣಲಿಲ್ಲ.

ನನಗೆ ಸಿಟ್ಟು ಬಂತು. ಈ ಜನರ ಮುಂದೆ ಜಗತ್ತಿನ ದೊಡ್ಡ ಫೋಟೋಗ್ರಾಫರ್‌ಗಳನ್ನೇ ತಂದು ನಿಲ್ಲಿಸಿದರೂ ಹೀಗೇ ಮಾಡುತ್ತಾರೆ ಅನ್ನಿಸಿತು. ನಿಲ್ಲಿಸಿಯೇ ಬಿಡೋಣ ಅಂದುಕೊಂಡೆ. ಮುಂದಿನ ಭಾನುವಾರ, ಯಾರದು ಎತ್ತ ಅಂತ ಹೇಳದೆ, ಐದು ಫೋಟೋ ಹಾಕಿದೆ. ‘ವೋಟ್ ಮಾಡಿ, ತಪ್ಪೇನಾದರೂ ಇದ್ದರೆ ಮುಲಾಜಿಲ್ಲದೆ ಬರೆಯಿರಿ’ ಅಂತ ಒಂದು ಸಾಲು. ಸಂಜೆ ಎಲ್ಲರ ಹೆಸರು ಬಿಚ್ಚಿ ಗುಂಪಿಗೆ ಗುಂಪನ್ನೇ ನಾಚಿಸುವುದು ನನ್ನ ಲೆಕ್ಕ.

ಮೊದಲನೆಯದು ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೋ 1932ರಲ್ಲಿ ಪ್ಯಾರಿಸ್ಸಿನ ಸ್ಯಾಂ-ಲಜಾರ್ ರೈಲ್ವೆ ಸ್ಟೇಷನ್ ಹಿಂದೆ ತೆಗೆದಿದ್ದು. ನಿಂತ ನೀರನ್ನು ಒಬ್ಬ ಹಾರುತ್ತಿದ್ದಾನೆ, ಹಿಮ್ಮಡಿ ಇನ್ನೇನು ನೀರು ಮುಟ್ಟಬೇಕು, ಮುಟ್ಟಿಲ್ಲ. ಕೆಳಗೆ ನೀರಿನಲ್ಲಿ ಅವನ ಪ್ರತಿಬಿಂಬ. ಹಿಂದೆ ಗೋಡೆಯ ಪೋಸ್ಟರಿನಲ್ಲಿ ಒಬ್ಬಳು ನರ್ತಕಿಯೂ ಅದೇ ಭಂಗಿಯಲ್ಲಿ ಹಾರುತ್ತಿದ್ದಾಳೆ. ಫೋಟೋಗ್ರಫಿ ಕಲಿಯುವವರಿಗೆ ಮೊದಲು ತೋರಿಸುವ ಚಿತ್ರಗಳಲ್ಲಿ ಇದೂ ಒಂದು.

ಮೊದಲ ಕಾಮೆಂಟ್: "ಇದು ನಮ್ಮ ಹಿಂದಿನ ಗಲ್ಲಿ ಅಲ್ಲೇನ್ರಿ?"

ಎರಡನೆಯದು: "ಅಲ್ಲಿ ಇನ್ನೂ ಜಾಸ್ತಿ ನೀರ್ ನಿಂದರ್ತದ." ಅಲ್ಲಿಂದ ಮಾತು ಗಟಾರಕ್ಕೆ ಹೋಯಿತು. ಗಟಾರದಿಂದ ಸೊಳ್ಳೆಗೆ, ಸೊಳ್ಳೆಯಿಂದ ಡೆಂಗ್ಯೂಗೆ, ಡೆಂಗ್ಯೂದಿಂದ ಪಪ್ಪಾಯಿ ಎಲೆ ರಸಕ್ಕೆ. ಇಪ್ಪತ್ಮೂರು ಮೆಸೇಜು. ನಡುವೆ ಒಬ್ಬರು ಆ ಹಾರುವ ಮನುಷ್ಯನ ಫೋಟೋ ಹಚ್ಚಿ ಅರ್ಜಿ ಕೊಡೋಣ ಅಂದರು. ಫೋಟೋ ಬಗ್ಗೆ ಬಂದಿದ್ದು ಒಂದೇ ಮಾತು, ಸ್ಟುಡಿಯೋ ಹುಡುಗನದು: "ಮನುಷ್ಯ ಅಲಗಾಡ್ಯಾನ. ಕ್ರಾಪ್ ಮಾಡ್ರಿ, ಸ್ವಲ್ಪ ನೆಟ್ಟಗಾಗ್ತದ."

ಕಾರ್ತಿಯೆ-ಬ್ರೆಸೋಗೆ ಕ್ರಾಪ್ ಮಾಡು ಅನ್ನುವುದೇ! ತೆಗೆದ ಚೌಕಟ್ಟನ್ನು ಆಮೇಲೆ ಕತ್ತರಿಸಬಾರದು ಅಂತ ಜೀವನ ಪೂರ್ತಿ ಹಟ ಹಿಡಿದ ಮನುಷ್ಯ ಅವರು. ಸಂಜೆ ಇದನ್ನೇ ಹೇಳಿ ಹುಡುಗನ ಬಾಯಿ ಮುಚ್ಚಿಸಬೇಕು ಅಂತ ಖಾತ್ರಿ ಮಾಡಿಕೊಳ್ಳಲು ಹೋದೆ, ಅಲ್ಲೇ ಕೆಟ್ಟಿತು. ಆ ಹಟದಿಂದ ತಪ್ಪಿಸಿಕೊಂಡ ಕೆಲವೇ ಫೋಟೋಗಳಲ್ಲಿ ಇದೂ ಒಂದಂತೆ. ಬೇಲಿಯ ಹಲಗೆಗಳ ಸಂದಿಯಲ್ಲಿ ಕ್ಯಾಮೆರಾ ತೂರಿಸಿ ತೆಗೆದಿದ್ದು, ಪೂರ್ತಿ ತೂರಲಿಲ್ಲ, ಎಡಗಡೆ ಹಲಗೆ ಅಡ್ಡ ಬಂತು. ಅದಕ್ಕೇ ಕ್ರಾಪ್ ಮಾಡಿದರು.

ಹೋಗಲಿ, ಒಂದು ಬಿಟ್ಟೆ.

ಎರಡನೆಯದು ಡೊರೊಥಿಯಾ ಲ್ಯಾಂಗ್ ಅವರದು, 1936, ಕ್ಯಾಲಿಫೋರ್ನಿಯಾದ ನಿಪೋಮೊ. ಬಟಾಣಿ ಬಿಡಿಸುವ ಕೂಲಿಕಾರರ ಕ್ಯಾಂಪು, ಬೆಳೆ ಚಳಿಗೆ ಹೋಗಿದೆ, ಟೆಂಟಿನೊಳಗೆ ಒಬ್ಬ ತಾಯಿ ಗಲ್ಲಕ್ಕೆ ಕೈ ಇಟ್ಟು ದೂರ ನೋಡುತ್ತಿದ್ದಾಳೆ. ಎರಡು ಮಕ್ಕಳು ಅವಳ ಹೆಗಲಿಗೆ ಮುಖ ಒತ್ತಿ ಬೆನ್ನು ತೋರಿಸಿವೆ, ಒಂದು ಮಡಿಲಲ್ಲಿದೆ. ಇದಕ್ಕೆ ನಮ್ಮ ಎದುರು ಮನೆಯ ಅತ್ತಿಯವರಿಂದ ವಾಯ್ಸ್ ಮೆಸೇಜ್ ಬಂತು. ಅವರು ಬರೆಯುವುದಿಲ್ಲ, ಒತ್ತಿ ಹಿಡಿದು ಮಾತಾಡುತ್ತಾರೆ, ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತಿರುತ್ತದೆ.

"ಗುಳೇ ಹೋದೋರ್ ಕಾಣ್ತಾರಲ್ಲೋ ತಮ್ಮಾ. ಮಕ್ಕಳಿಗಿ ಇತ್ಲಾಗ ನೋಡ್ರಿ ಅನ್ಬಾರ್ದಿತ್ತಾ ನೀ? ಫೋಟೋ ಹೊಡ್ಕೊಂಡ್ ಮ್ಯಾಲ ಆಕಿಗಿ ಏನರೇ ಉಣ್ಲಾಕ ಕೊಟ್ಟಿಲ್ಲೋ?"

ಫೋಟೋ ತೆಗೆದಿದ್ದು ನಾನೇ ಅಂತ ಅವರ ತಿಳುವಳಿಕೆ. ನಾನಲ್ಲ ಅತ್ತಿ, ಅಮೆರಿಕದ್ದು, 1936ರದು ಅಂತ ಹೇಳಿ, ಪೇಪರಿನಲ್ಲಿ ಸುದ್ದಿ ಬಂದ ಮೇಲೆ ಸರ್ಕಾರ ಆ ಕ್ಯಾಂಪಿಗೆ 20,000 ಪೌಂಡ್ ಆಹಾರ ಕಳಿಸಿತು ಅಂತಲೂ ಹೇಳಿದೆ. ಆದರೆ ಅಷ್ಟೊತ್ತಿಗೆ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೋಗಿದ್ದಳು. ಇದನ್ನು ಹೇಳದೆ ಬಿಡಬಹುದಿತ್ತು.

"ಆಕಿಗಿ ಮುಟ್ಲಿಲ್ಲ ಹಂಗಾರ?" ಅಂದರು. ಕೊಟ್ಟಿದ್ದ ವೋಟು ವಾಪಸ್ ತಗೊಂಡರು. ಪೋಲಿನಲ್ಲಿ ಅದೂ ಕಾಣುತ್ತದೆ.

ಸ್ಟುಡಿಯೋ ಹುಡುಗ ಈ ಸಲವೂ ಅದನ್ನೇ ಬರೆದ: "ಕಾಕಾ, ಬಲಗಡಿ ಕೆಳಗ ಬೆರಳ ಬಂದದ. ಕ್ಲೋನ್ ಹೊಡದ್ರ ಹೋಗ್ತದ." ಈ ಹುಡುಗನಿಗೆ ಬೆರಳಿನ ರೋಗ ಹಿಡಿದಿದೆ ಅಂದುಕೊಂಡೆ. ದೊಡ್ಡದು ಮಾಡಿ ನೋಡಿದರೆ ಖರೇ ಇದೆ! ಟೆಂಟಿನ ಗಳ ಹಿಡಿದ ಆ ತಾಯಿಯ ಹೆಬ್ಬೆರಳು, ಮಸುಕಾಗಿ, ಮೂಲೆಯಲ್ಲಿ. ಲ್ಯಾಂಗ್ ಅವರಿಗೂ ಅದು ಕಣ್ಣಿಗೆ ಚುಚ್ಚುತ್ತಿತ್ತು. ಕೆಲ ವರ್ಷ ಬಿಟ್ಟು ನೆಗೆಟಿವ್‌ನಲ್ಲೇ ಅಳಿಸಿಸಿದರು, ಅವರ ಮೇಲಧಿಕಾರಿ ರಾಯ್ ಸ್ಟ್ರೈಕರ್‌ಗೆ ಅದು ಸರಿಬರಲಿಲ್ಲ. ನನಗೆ ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದು ಅಳಿಸುವ ಮುಂಚಿನ ಪ್ರತಿ. ಜಗತ್ತು ಎಷ್ಟೋ ವರ್ಷ ನೋಡಿದ್ದು ಅಳಿಸಿದ ಪ್ರತಿ.

ಹುಡುಗ ಹತ್ತನೇ ಕ್ಲಾಸ್ ಅಷ್ಟೇ ಓದಿದ್ದು. ಲಗ್ನದ ಫೋಟೋಗಳಲ್ಲಿ ಅಡ್ಡ ಬಂದ ಮಾವಂದಿರನ್ನೂ ಐಸ್‌ಕ್ರೀಮ್ ಕಪ್ಪುಗಳನ್ನೂ ಅಳಿಸಿ ಅಳಿಸಿ ಅವನ ಕಣ್ಣು ಹಾಗೆ ಪಳಗಿದೆ.

ಮೂರನೆಯದು 1969ರ ಚಂದ್ರ. ಬಝ್ ಆಲ್ಡ್ರಿನ್ ನಿಂತಿದ್ದಾರೆ, ತೆಗೆದಿದ್ದು ನೀಲ್ ಆರ್ಮ್‌ಸ್ಟ್ರಾಂಗ್. ಇದನ್ನು ಎಲ್ಲರೂ ಗುರುತು ಹಿಡಿದರು, ಇಬ್ಬರು ಇದು ಸುಳ್ಳು, ಸ್ಟುಡಿಯೋದಾಗ ತೆಗೆದಿದ್ದು ಅಂದರು. ಅದಕ್ಕೆ ನಮ್ಮ ಹುಡುಗ "ನಮ್ಮ ಸ್ಟುಡಿಯೋ ಅಲ್ರಿ" ಅಂತ ಬರೆದ. ತಪ್ಪು ಹುಡುಕುವುದರಲ್ಲಿ ಮಾತ್ರ ಯಾರೂ ಹಿಂದೆ ಬೀಳಲಿಲ್ಲ. ಮಾರಿ ಕಾಣುವುದಿಲ್ಲ. ನೆಲ ವಾರೆಯಾಗಿದೆ. ತಲೆ ಮೇಲೆ ಜಾಗವೇ ಬಿಟ್ಟಿಲ್ಲ. ಆರನೇ ಕ್ಲಾಸಿನ ಒಂದು ಹುಡುಗಿ ಅಪ್ಪನ ಫೋನಿನಿಂದ ಬರೆದಳು, ಫೋಟೋ ತೆಗೆಯುವವರು ಕನ್ನಡಕದಲ್ಲಿ ಬಂದುಬಿಟ್ಟಿದ್ದಾರೆ ಅಂತ.

ಎಲ್ಲವೂ ನಿಜವೇ. ನಾನು ಹುಡುಕಿ ಹುಡುಕಿ ಮೂಲ ಫ್ರೇಮನ್ನೇ ಹಾಕಿದ್ದೆ. ಅದರಲ್ಲಿ ಆಲ್ಡ್ರಿನ್ ಬೆನ್ನಿನ ಚೀಲದ ಆಂಟೆನಾ ಮೇಲೆ ಕಟ್ ಆಗಿದೆ. ಪ್ರಸಿದ್ಧವಾದ ಪ್ರತಿಯಲ್ಲಿ ತಲೆಯ ಮೇಲೆ ಕಾಣುವ ಕಪ್ಪು ಆಕಾಶ ಆಮೇಲೆ ಸೇರಿಸಿದ್ದು. ತಲೆ ಮೇಲೆ ಜಾಗ ಬಿಡಬೇಕು ಅಂತ ನಮ್ಮ ದಾಲ್ ಮಿಲ್ ಸಾವ್ಕಾರರು ಹೇಳಿದ್ದೂ, ನಾಸಾ ಮಾಡಿದ್ದೂ ಒಂದೇ. ಇನ್ನು ಆ ಹುಡುಗಿ ಕನ್ನಡಕ ಅಂದ ಹೆಲ್ಮೆಟ್ಟಿನ ಗಾಜಿನಲ್ಲಿ ಕಾಣುವ ಸಣ್ಣ ಮನುಷ್ಯ ಆರ್ಮ್‌ಸ್ಟ್ರಾಂಗ್. ಕ್ಯಾಮೆರಾ ಹೆಚ್ಚಿನ ಹೊತ್ತು ಅವರ ಹತ್ತಿರವೇ ಇತ್ತು, ಹಾಗಾಗಿ ಚಂದ್ರನ ಮೇಲೆ ಮೊದಲು ಕಾಲಿಟ್ಟವರ ಒಳ್ಳೆಯ ಫೋಟೋ ಬೆರಳೆಣಿಕೆಯಷ್ಟು ಮಾತ್ರ. ಲಗ್ನದ ಮನೆಯಲ್ಲಿ ಎಲ್ಲರ ಫೋಟೋ ತೆಗೆದು ಒಂದರಲ್ಲೂ ತಾನು ಇರದ ಕಾಕಾ ಒಬ್ಬರು ಇರುತ್ತಾರಲ್ಲ, ಹಾಗೆ. ನಮ್ಮ ಮನೆತನದಲ್ಲಿ ಆ ಕಾಕಾ ನಾನೇ ಆದ್ದರಿಂದ ಈ ವಿಷಯ ಸ್ವಲ್ಪ ಒಳಗೆ ಹೋಯಿತು.

ನಾಲ್ಕನೆಯದು ಅಫ್ಘಾನ್ ಹುಡುಗಿ, ಸ್ಟೀವ್ ಮೆಕರಿ 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಕ್ಯಾಂಪಿನಲ್ಲಿ ತೆಗೆದಿದ್ದು. ಇದಕ್ಕೆ ಯಾರ ತಕರಾರೂ ಇಲ್ಲ. ಬಣ್ಣ ಇದೆ, ಮಾರಿ ಇದೆ, ಕಣ್ಣು ಕ್ಯಾಮೆರಾ ನೋಡುತ್ತಿದೆ. ಓಣಿಯ ಮೂರೂ ಷರತ್ತು ಪಾಸ್. ಒಬ್ಬರು ಮಾತ್ರ ಈ ಹುಡುಗಿಯನ್ನು ಯಾವುದೋ ಬ್ಯೂಟಿ ಪಾರ್ಲರ್ ಬೋರ್ಡಿನ ಮೇಲೆ ನೋಡಿದ್ದೇನೆ ಅಂದರು. ಇರಬಹುದು.

ಕ್ಯಾಮೆರಾ ನೋಡಿ ನೆಟ್ಟಗೆ ನಿಲ್ಲಬೇಕು ಅನ್ನುವುದು ನಮ್ಮ ಕಡೆಯ ಹಳೇ ಅಭ್ಯಾಸ ಅಂತ ನನ್ನ ಅನುಮಾನ. ಕಲಬುರಗಿ, ಬೀದರ್ ಎಲ್ಲ ನಿಜಾಮರ ಆಳ್ವಿಕೆಯಲ್ಲಿದ್ದ ಊರುಗಳು. ಆರನೇ ನಿಜಾಮರ ಫೋಟೋಗ್ರಾಫರ್ ರಾಜಾ ದೀನ್ ದಯಾಳ್, ‘ಮುಸವ್ವಿರ್ ಜಂಗ್’ ಅಂತ ಬಿರುದು ಬೇರೆ. ಅವರ ಗ್ರೂಪ್ ಫೋಟೋಗಳಲ್ಲಿ ಸರದಾರರು ಉಸಿರು ಬಿಗಿ ಹಿಡಿದು ನಿಂತಿರುತ್ತಾರೆ. ಅವರನ್ನು ನಮ್ಮ ಗುಂಪಿಗೆ ಹಾಕಿದ್ದರೆ ಬೇಳೆ ಅವರಿಗೇ ಹೋಗುತ್ತಿತ್ತು.

ಐದನೆಯದು ಗಾಂಧೀಜಿ, ಚರಕ. ಮಾರ್ಗರೆಟ್ ಬರ್ಕ್-ವೈಟ್, 1946. ಅರವತ್ತೊಂದು ವೋಟು, ಕಾಮೆಂಟ್ ಜಾಗದಲ್ಲಿ ಬರೀ ಕೈಮುಗಿಯುವ ಚಿತ್ರಗಳು. ಚರಕ ಮುಂದೆ ಅಷ್ಟು ದೊಡ್ಡದಾಗಿ ಕೂತು ಗಾಂಧೀಜಿ ಹಿಂದೆ ಸರಿದಿದ್ದರೂ ಯಾರೂ ಸೊಲ್ಲೆತ್ತಲಿಲ್ಲ. ಹೆಸರು ಕಾಣುವ ಪೋಲಿನಲ್ಲಿ ಗಾಂಧೀಜಿಗೆ ವೋಟು ಹಾಕದೆ ಇರಲು ಯಾರಿಗೆ ಧೈರ್ಯ? ನಿವೃತ್ತ ಮಾಸ್ತರರೊಬ್ಬರು ಮಾತ್ರ ರಾತ್ರಿ ಹತ್ತಕ್ಕೆ ಬರೆದರು: "ಗಾಂಧೀಜಿಯವರು ನೂಲುತ್ತಿಲ್ಲ. ಕಾಗದ ಓದುತ್ತಿದ್ದಾರೆ. ಗಮನಿಸಿ."

ಗಮನಿಸಿದೆ. ಇಷ್ಟು ವರ್ಷ ಈ ಫೋಟೋ ನೋಡಿದ್ದೇನೆ, ನೂಲುತ್ತಿದ್ದಾರೆ ಅಂತಲೇ ನನ್ನ ಮನಸ್ಸಿನಲ್ಲಿತ್ತು. ಕೈ ಚರಕದ ಮೇಲಿಲ್ಲವೇ ಇಲ್ಲ.

ಅಷ್ಟೊತ್ತಿಗೆ ಹೆಸರು ಬಿಚ್ಚಿ ನಾಚಿಸುವ ಉಮೇದು ನನಗೆ ಉಳಿದಿರಲಿಲ್ಲ. ವೋಟು ಹಾಕುವಾಗ ಈ ಜನ ಫೋಟೋ ನೋಡುವುದಿಲ್ಲ, ಎದುರು ಮನೆ ನೋಡುತ್ತಾರೆ, ಅದು ಖರೇ. ಆದರೆ ಬೈಯುವಾಗ ಮಾತ್ರ ಮೂಲೆ ಮೂಲೆ ನೋಡುತ್ತಾರೆ. ನಾನು ಹೊಗಳುವ ಫೋಟೋಗಳನ್ನು ನಾನೇ ಇಷ್ಟು ನೋಡಿರಲಿಲ್ಲ. ಸುಮ್ನೆ ಐದೂ ಹೆಸರು ಬರೆದು, ಎಲ್ಲರಿಗೂ ಧನ್ಯವಾದ ಅಂತ ಹಾಕಿ ಫೋನ್ ಕೆಳಗಿಟ್ಟೆ.

ಇಟ್ಟವನು ಮತ್ತೆ ಎತ್ತಿಕೊಂಡೆ. ಚರಗದ ಫೋಟೋ ತೆರೆದು, ಆ ಕೆಂಪು ಬೆಳಕನ್ನು ಎರಡು ಬೆರಳಿನಿಂದ ಹಿಗ್ಗಿಸಿದೆ. ಇನ್ನಷ್ಟು ಹಿಗ್ಗಿಸಿದೆ. ಮಧ್ಯಾಹ್ನದ ಬಿಸಿಲಿಗೆ ಉಗುರು ಇತ್ತು. ಉಗುರಿನ ಸಂದಿಯಲ್ಲಿ ಭಜ್ಜಿಯ ಹಸಿರೂ ಇತ್ತು, ಚರಗಕ್ಕೆ ಮುಂಚೆಯೇ ಕದ್ದು ತಿಂದಿದ್ದು.

ಗುಂಪಿನಲ್ಲಲ್ಲ, ಬೇರೆಯಾಗಿ, ಹುಡುಗನಿಗೆ ಮೆಸೇಜ್ ಮಾಡಿದೆ. ತಮ್ಮಾ, ಆ ಬೆರಳು ತೆಗೀಲಿಕ್ಕೆ ಎಷ್ಟಾಗ್ತದ?

"ಐವತ್ತು ರೂಪಾಯಿ ಕಾಕಾ" ಅಂತ ಬಂತು. ಒಂದು ನಿಮಿಷ ಬಿಟ್ಟು ಇನ್ನೊಂದು: "ಆ ಹೆಣ್ಮಗಳ ಫೋಟೋದಾಗಿಂದೂ ತೆಗೀಲೇನ್ರಿ? ಎರಡೂ ಸೇರಿ ಎಂಬತ್ತು ಕೊಡ್ರಿ ಸಾಕು."