ಒನಕೆ ಓಬವ್ವನಿಗೂ ಒಂದು ಕಿಟ್‌ಕ್ಯಾಟ್

ನ್ಯೂಜೆರ್ಸಿಲಿ ಸೆಪ್ಟೆಂಬರ್ ಮುಗಿಯೋಕೆ ಮುಂಚೇನೇ ಶುರುವಾಗುತ್ತೆ ಈ ಹ್ಯಾಲೋವೀನ್, ಅಕ್ಟೋಬರ್ 31ರ ದೆವ್ವದ ಹಬ್ಬ. ನಿನ್ನೆವರೆಗೂ ನಾಯಿ ಹಿಡ್ಕೊಂಡು ವಾಕಿಂಗ್ ಹೋಗ್ತಾ ಹಾಯ್ ಅಂತಿದ್ದ ಸಾಧು ಜನ ಇದ್ದಕ್ಕಿದ್ದಂಗೆ ಮನೆ ಮುಂದೆ ಗೋರಿ ನೆಡೋಕೆ ನಿಂತುಬಿಡ್ತಾರೆ. ಥರ್ಮಾಕೋಲ್ ಗೋರಿ, ಪ್ಲಾಸ್ಟಿಕ್ ಮೂಳೆ, ಗಿಡಕ್ಕೆಲ್ಲ ಜೇಡರ ಬಲೆ. ನಮ್ಮಲ್ಲಿ ಹಬ್ಬ ಬಂತು ಅಂದ್ರೆ ಉದ್ದ ಕೋಲಿಗೆ ಪೊರಕೆ ಕಟ್ಕೊಂಡು ಬಲೆ ಹೊಡೀತೀವಿ, ಇಲ್ಲಿ ಹಬ್ಬಕ್ಕೆ ಅಂತ ಅದನ್ನೇ ದುಡ್ಡು ಕೊಟ್ಟು ಪ್ಯಾಕೆಟ್‌ನಲ್ಲಿ ತರ್ತಾರೆ. ನಮ್ಮನೆ ಗ್ಯಾರೇಜ್‌ನಲ್ಲಿ ಅಸಲಿ ಬಲೆ ಬೇಕಾದಷ್ಟಿತ್ತು, ಅದನ್ನ ಯಾರೂ ಮೆಚ್ಚಿಕೊಳ್ಳಲಿಲ್ಲ ಅನ್ನೋದು ಬೇರೆ ಮಾತು.

ನಮ್ಮ ಬೀದಿಗೆಲ್ಲ ರಾಜ ಅಂದ್ರೆ ಪಕ್ಕದ ಮನೆ ತಾತ. ರಿಟೈರ್ಡ್ ಎಲೆಕ್ಟ್ರಿಷಿಯನ್, ಕೈಯಲ್ಲಿ ಟೈಮ್ ಇದೆ, ಗ್ಯಾರೇಜ್ ತುಂಬ ವೈರ್ ಇದೆ, ಇನ್ನೇನು ಬೇಕು. ಹೊಗೆ ಬಿಡೋ ಮಷೀನು, ಎದ್ದು ಕೂರೋ ಹೆಣ, ಎಲ್ಲಕ್ಕಿಂತ ಮುಖ್ಯವಾಗಿ ವರಾಂಡದಲ್ಲಿ ಒಬ್ಬಳು ಮುದಿ ಮಾಟಗಾತಿ, ಯಾರಾದ್ರೂ ಹತ್ರ ಬಂದ್ರೆ ಸೆನ್ಸರ್‌ಗೆ ಗೊತ್ತಾಗಿ ಕಣ್ಣು ಕೆಂಪು ಮಾಡ್ಕೊಂಡು ಕಿಟಾರನೆ ಕಿರುಚೋಳು. ಪೋಸ್ಟ್ ಹಾಕೋನಂತೂ ಅಕ್ಟೋಬರ್ ಇಡೀ ದೂರದಿಂದ್ಲೇ ಕೈ ಚಾಚಿ ಪತ್ರ ಒಳಗೆ ತಳ್ತಿದ್ದ.

2012ರಲ್ಲಿ ನಮ್ಮಮ್ಮ ಮೈಸೂರಿಂದ ಬಂದಿದ್ರು. ಅಮೆರಿಕದಲ್ಲಿ ಆ ಸೀಸನ್‌ಗೆ ಮನೆಮನೆ ಮೆಟ್ಟಿಲ ಮೇಲೂ ಸೇವಂತಿಗೆ ಕುಂಡ ಇಡ್ತಾರೆ, ಹಳದಿ, ಕೆಂಪು, ನೇರಳೆ, ಗುಡ್ಡೆಗುಡ್ಡೆ ಹೂವು. ಬೆಳಗಿನ ಜಾವ ಎದ್ದು ಪಕ್ಕದ ಮನೆ ಕಾಂಪೌಂಡಿಂದ ದೇವರಿಗೆ ಹೂವು ಬಿಡಿಸೋದು ಮೈಸೂರಲ್ಲಿ ಹುಟ್ಟಿದೋರಿಗೆ ಕಳ್ಳತನ ಅಲ್ಲ, ಅದು ನಿತ್ಯಕರ್ಮ. ಅಮ್ಮ ಸ್ನಾನ ಮಾಡಿ, ಸೀರೆ ಮೇಲೆ ನಮ್ಮೆಜಮಾನ್ರ ಜಾಕೆಟ್ ಹಾಕ್ಕೊಂಡು, ಕೈಯಲ್ಲೊಂದು ಸ್ಟೀಲ್ ಬಟ್ಟಲು ಹಿಡ್ಕೊಂಡು ತಾತನ ಮನೆ ಮೆಟ್ಟಿಲು ಹತ್ತಿದಾರೆ, ಒಂದೋ ಎರಡೋ ಹೂವು ಕಿತ್ತಿರಬೇಕು, ಮಾಟಗಾತಿ ಕಿರುಚಿದಳು. ಅಮ್ಮನೂ ಕಿರುಚಿದ್ರು. ಬಟ್ಟಲು ಠಣಠಣ ಅಂತ ಮೆಟ್ಟಿಲಿಳಿದು ರಸ್ತೆಗೆ ಬಂತು. ನಾನು ಓಡಿ ಹೋಗಿ ನೋಡಿದ್ರೆ ಅಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು ಆ ಬೊಂಬೆಗೆ ಬಯ್ತಾ ಇದಾರೆ, "ಎರಡು ಹೂವಿಗೆ ಹಿಂಗೆ ಬಾಯಿ ಬಡ್ಕೋತೀಯಲ್ಲೇ, ನಿನ್ನ ಮನೆ ಹಾಳಾಗ!" ಬಯ್ದಷ್ಟೂ ಕೈ ಆಡ್ತಿತ್ತು, ಕೈ ಆಡಿದಷ್ಟೂ ಸೆನ್ಸರ್ ಕೆಲಸ ಮಾಡ್ತಿತ್ತು, ಅವಳೂ ಬಿಡಲಿಲ್ಲ ಇವರೂ ಬಿಡಲಿಲ್ಲ. ಕೊನೆಗೆ ತಾತ ಪೈಜಾಮದಲ್ಲೇ ಹೊರಗೆ ಬಂದು ಸ್ವಿಚ್ ಆಫ್ ಮಾಡಿದ್ರು. ನಾನು ಏನೋ ಒಂದು ವಿವರಣೆ ಕೊಟ್ಟೆ. ಅವತ್ತು ಸಂಜೆ ನಮ್ಮನೆ ಬಾಗಿಲಲ್ಲಿ ಒಂದು ಇಡೀ ಸೇವಂತಿಗೆ ಕುಂಡ ಇತ್ತು.

ಹ್ಯಾಲೋವೀನ್ ಅಂದ್ರೇನು ಅಂತ ಆಮೇಲೆ ಅಮ್ಮನಿಗೆ ಹೇಳಿದೆ, ಮಕ್ಕಳು ಗುಂಪಾಗಿ ಮನೆಮನೆಗೆ ಹೋಗಿ ಬೆಲ್ ಮಾಡ್ತಾರೆ, ಮನೆಯೋರು ಏನಾದ್ರೂ ಕೊಡಬೇಕು ಅಂತ. "ಅಷ್ಟೇನಾ? ಬೊಂಬೆ ಬಾಗಿನ ಕಣೇ ಇದು" ಅಂದುಬಿಟ್ರು. ನಿಜ ಅಲ್ವಾ. ನವರಾತ್ರಿಲಿ ನಾವೂ "ರೀ, ಗೊಂಬೆ ಕೂರ್ಸಿದೀರಾ?" ಅಂತ ಗುರುತಿರಲಿ ಬಿಡಲಿ ಎಲ್ಲರ ಮನೆಗೂ ನುಗ್ತಿದ್ವಿ, ಯಾವ ಮನೇಲಿ ಕೋಡುಬಳೆ, ಯಾವ ಮನೇಲಿ ಬರೀ ಬತ್ತಾಸು ಅಂತ ರಸ್ತೇಲೇ ಸುದ್ದಿ ಹರಡ್ತಿತ್ತು. ಇಲ್ಲೂ ಹಂಗೇನೇ. ದೊಡ್ಡ ಚಾಕೊಲೇಟ್ ಕೊಡೋ ಮನೆ ಯಾವುದು, ಹಲ್ಲುಜ್ಜೋ ಬ್ರಶ್ ಕೊಡೋ ಡೆಂಟಿಸ್ಟ್ ಮನೆ ಯಾವುದು, ಏಳು ಗಂಟೆಯೊಳಗೆ ಎಲ್ಲ ಮಕ್ಕಳಿಗೂ ಗೊತ್ತು. ವರಾಂಡದ ಲೈಟ್ ಹಾಕಿದ್ರೆ ಬನ್ನಿ ಅಂತ, ಆರಿಸಿದ್ರೆ ಬರಬೇಡಿ ಅಂತ. ಬರಬೇಡಿ ಅನ್ನೋಕೂ ಇಷ್ಟು ಮರ್ಯಾದೆಯ ದಾರಿ ಇದೆ ಅಂತ ಗೊತ್ತಿದ್ದಿದ್ರೆ ನಮ್ಮ ಬೀದಿಯ ಎಷ್ಟೋ ಆಂಟಿಯರು ಸಂತೋಷ ಪಡ್ತಿದ್ರು.

ಆದ್ರೆ ಅಮ್ಮನಿಗೆ ಅದನ್ನ ತೋರಿಸೋಕೆ ಹವಾಮಾನ ಬಿಡಬೇಕಲ್ಲ. ಅದರ ಹಿಂದಿನ ವರ್ಷ, 2011ರಲ್ಲಿ, ಅಕ್ಟೋಬರ್ 29ಕ್ಕೇ ಹಿಮ ಸುರಿದು, ಎಲೆ ಇನ್ನೂ ಉದುರದ ಮರಗಳು ಭಾರಕ್ಕೆ ಮುರಿದು ಕರೆಂಟ್ ವೈರ್ ಮೇಲೆ ಬಿದ್ದು, ಎಷ್ಟೋ ಊರಲ್ಲಿ ಹ್ಯಾಲೋವೀನ್ ಮುಂದಕ್ಕೆ ಹೋಗಿತ್ತು. 2012ರಲ್ಲಿ ಸರಿಯಾಗಿ ಅದೇ ಅಕ್ಟೋಬರ್ 29ಕ್ಕೆ ಸ್ಯಾಂಡಿ ಚಂಡಮಾರುತ ಬಂತು. ರಾತ್ರಿಯೆಲ್ಲ ಗಾಳಿ. ಬೆಳಿಗ್ಗೆ ಎದ್ದು ನೋಡಿದ್ರೆ ಕರೆಂಟ್ ಇಲ್ಲ, ತಾತನ ಮಾಟಗಾತಿ ನಮ್ಮ ಬೇಲಿಗೆ ತಲೆಕೆಳಗಾಗಿ ಸಿಕ್ಕಿಹಾಕ್ಕೊಂಡಿದಾಳೆ, ನಮ್ಮ ಅಡುಗೆಮನೆ ಕಿಟಕಿಗೆ ಸರಿಯಾಗಿ ಎದುರಲ್ಲಿ ಒಂದು ಗೋರಿಕಲ್ಲು. ಅಮ್ಮ ಕಾಫಿ ಕೂಡ ಕುಡಿಯೋಕೆ ಬಿಡಲಿಲ್ಲ, "ಮೊದಲು ಅದನ್ನ ಅವರ ಮನೆಗೆ ಕೊಟ್ಟು ಬಾ, ಅನಿಷ್ಟ" ಅಂತ ಅಟ್ಟಿದ್ರು. ಆಮೇಲೆ ಕರೆಂಟ್ ಬರೋವರೆಗೂ ಒಂದೇ ಮಾತು, "ಮೈಸೂರಲ್ಲಿ ಒಂದು ಗಂಟೆ ಕರೆಂಟ್ ಹೋದ್ರೆ ಫೋನಲ್ಲಿ ಆಡ್ಕೊಂಡು ನಗ್ತಿದ್ರಲ್ಲ, ಈಗ ನಗಿ." ನಮ್ಮೆಜಮಾನ್ರು ಪೆಟ್ರೋಲ್ ಕ್ಯೂನಲ್ಲಿ. ನಂಬರ್ ಪ್ಲೇಟ್ ಸರಿಸಂಖ್ಯೆ ಒಂದು ದಿನ, ಬೆಸಸಂಖ್ಯೆ ಒಂದು ದಿನ ಅಂತ ಮಾಡಿದ್ರು, ನಮ್ಮೆರಡು ಕಾರೂ ಒಂದೇ ಕಡೆಗೆ ಬಿದ್ದಿದ್ವು.

ಗವರ್ನರ್ ಕ್ರಿಸ್ ಕ್ರಿಸ್ಟಿ ಅಧಿಕೃತವಾಗಿ ಆದೇಶ ಹೊರಡಿಸಿ ಹ್ಯಾಲೋವೀನನ್ನ ನವೆಂಬರ್ 5ಕ್ಕೆ ಹಾಕಿದ್ರು. ಸರ್ಕಾರಿ ಆದೇಶದ ಮೇಲೆ ದೆವ್ವಗಳಿಗೆ ಹೊಸ ತಾರೀಕು! ಹೀಗೆ ಅದು ಕನ್ನಡ ರಾಜ್ಯೋತ್ಸವ ದಾಟಿ ಈಚೆಗೆ ಬಂತು, ಮತ್ತೆ ನಮ್ಮ ಮಗಳ ಹತ್ರ ಇದ್ದದ್ದು ಕನ್ನಡ ಸಂಘದ ಫ್ಯಾನ್ಸಿ ಡ್ರೆಸ್‌ಗೆ ಅಂತ ಹೊಲಿಸಿದ್ದ ಒನಕೆ ಓಬವ್ವನ ಸೀರೆ ಒಂದೇ. ಗಿಫ್ಟ್ ಪೇಪರ್ ಸುತ್ತಿರೋ ರಟ್ಟಿನ ಕೊಳವೆ ಒನಕೆ. ಅಮ್ಮನ ಉತ್ಸಾಹವೇ ಉತ್ಸಾಹ, ಮೂಗುತಿಗೆ ಬಿಂದಿ ಅಂಟಿಸಿ, ಕಚ್ಚೆ ಹಾಕಿ, ಕಥೆಯನ್ನೂ ಬಾಯಿಪಾಠ ಮಾಡಿಸಿದ್ರು.

ಮೊದಲನೇ ಮನೆ ಆಂಟಿ ಬಾಗಿಲು ತೆಗೆದು, ಓಹ್ ನೀನು ಬೇಕರಿ ಹುಡುಗೀನಾ, ಲಟ್ಟಣಿಗೆ ಚೆನ್ನಾಗಿದೆ ಅಂದ್ರು. ನಮ್ಮ ಹುಡುಗಿ ಬಿಡ್ತಾಳಾ, ಚಿತ್ರದುರ್ಗದ ಕೋಟೆ, ಹೈದರಾಲಿ ಸೈನ್ಯ, ನೀರು ತರೋಕೆ ಹೋದ ಓಬವ್ವ, ಕಿಂಡಿಯಿಂದ ಒಬ್ಬೊಬ್ಬನೇ ತಲೆ ತೂರಿಸಿದ ಹಾಗೆ ಅವಳು ಒನಕೆಯಿಂದ ಹೆಂಗೆ ಹೊಡೆದು ಹೆಣಗಳನ್ನ ಪಕ್ಕಕ್ಕೆ ಎಳೆದು ಹಾಕಿದಳು ಅಂತ ಇಂಗ್ಲಿಷಲ್ಲಿ ಆ್ಯಕ್ಷನ್ ಸಮೇತ ಹೇಳಿದಳು. ಆಂಟಿ ಮುಖ ಬಿಳಿಚಿಕೊಳ್ತು. ಒಂದು ಹಿಡಿ ಕಿಟ್‌ಕ್ಯಾಟ್ ತೆಗೆದು ಬ್ಯಾಗ್‌ಗೆ ಹಾಕಿ ಮೆಲ್ಲಗೆ ಬಾಗಿಲು ಹಾಕ್ಕೊಂಡ್ರು. ಹಿಂದೆ ನಿಂತಿದ್ದ ಡ್ರಾಕುಲಾಗೆ ಸಿಕ್ಕಿದ್ದು ಒಂದೇ ಲಾಲಿಪಾಪ್. ಮಗ ಜೇನುಹುಳ ಆಗಿದ್ದ, ಚಳಿ ಅಂತ ಅಮ್ಮ ಹಾಕಿಸಿದ ದಪ್ಪ ಜಾಕೆಟ್ ಒಳಗೆ ರೆಕ್ಕೆ ಗಿಕ್ಕೆ ಎಲ್ಲ ಅಪ್ಪಚ್ಚಿ, ನೀನೇನಪ್ಪಾ ಅಂತ ಕೇಳಿದೋರಿಗೆಲ್ಲ ಬೇಜಾರಲ್ಲಿ "ಜಾಕೆಟ್" ಅಂದ.

ಮನೆಗೆ ಬಂದ್ಮೇಲೆ ಇನ್ನೊಂದು ನಾಟಕ, ಬ್ಯಾಗ್ ನೆಲದ ಮೇಲೆ ಸುರಿದು, ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡೋ ಜೆಲಟಿನ್ ಯಾವುದರಲ್ಲಿದೆ ಅಂತ ಪರೀಕ್ಷೆ. ಗಮ್ಮಿ ಬೇರ್, ಸ್ಟಾರ್‌ಬರ್ಸ್ಟ್ ಎಲ್ಲ ಬೇರೆ ರಾಶಿ, ಅದು ಮಾರನೇ ದಿನ ನಮ್ಮೆಜಮಾನ್ರ ಆಫೀಸಿಗೆ. ಮಿಕ್ಕಿದ್ದನ್ನ "ಕಡಲೆಕಾಯಿ ಬೀಜದ್ದು ಪಿತ್ತ" ಅಂತ ಅಮ್ಮ ಎತ್ತಿಟ್ರು, ಆ ಕಡಲೆಕಾಯಿ ಬೀಜದ ಚಾಕೊಲೇಟ್ ರೀಸಸ್ ಖಾಲಿ ಆಗಿದ್ದು ಮಾತ್ರ ಅವರ ರೂಮಿನಲ್ಲೇ.

ಆ ವರ್ಷ ನಮ್ಮ ಕುಂಬಳಕಾಯಿ ಕೆತ್ತಿಟ್ರೆ ಅಳಿಲುಗಳು ಮೂಗು ತಿಂದುಹಾಕಿದ್ವು. ಖಾರದಪುಡಿ ಸವರಿ, ಮುಟ್ಟಲ್ಲ ಅಂತ ತಾತ ಉಪಾಯ ಹೇಳಿದ್ರು. ಅಮ್ಮ ಊರಿಂದ ತಂದ ಬ್ಯಾಡಗಿ ಪುಡಿಯನ್ನ ಧಾರಾಳವಾಗಿ ಸವರಿದ್ರು. ಬ್ಯಾಡಗಿ ಬಣ್ಣಕ್ಕೆ, ಖಾರಕ್ಕಲ್ಲ. ಕುಂಬಳಕಾಯಿ ಕುಂಕುಮ ಹಚ್ಚಿದ ದೃಷ್ಟಿಬೊಂಬೆ ಥರ ಕೆಂಪಗೆ ಹೊಳೀತು, ಅಳಿಲುಗಳು ಕಿವಿವರೆಗೂ ತಿಂದ್ವು.

ಈಗ ಮಕ್ಕಳು ದೊಡ್ಡೋರಾಗಿ ಕಾಲೇಜ್ ಸೇರಿದಾರೆ. ಊರಲ್ಲಿ ಪಾರ್ಕಿಂಗ್ ಲಾಟ್‌ನಲ್ಲಿ ಕಾರ್ ಡಿಕ್ಕಿ ತೆಗೆದಿಟ್ಟು ಸಾಲಾಗಿ ಕ್ಯಾಂಡಿ ಹಂಚೋದು ಜಾಸ್ತಿ ಆಗಿದೆ, ಸೇಫ್ ಅಂತೆ. ಬೆಲ್ ಇಲ್ಲ, ಒಳಗಿಂದ ಬೊಗಳೋ ನಾಯಿ ಇಲ್ಲ, ರೇಷನ್ ಅಂಗಡಿ ಕ್ಯೂ ಅಷ್ಟೇ ಅದು. ತಾತ ಮಾತ್ರ ಬಗ್ಗಿಲ್ಲ. 2020ರಲ್ಲಿ ಹೋಮ್ ಡಿಪೋ ಅಂಗಡಿಯೋರು 12 ಅಡಿ ಅಸ್ಥಿಪಂಜರ ಬಿಟ್ಟಾಗ ಸೀದಾ 299 ಡಾಲರ್ ಕೊಟ್ಟು ತಂದ್ರು, ಕೋವಿಡ್ ಅಂತ ಮೆಟ್ಟಿಲ ಕಂಬಿಗೆ ಪಿವಿಸಿ ಪೈಪ್ ಕಟ್ಟಿ ಮೇಲಿಂದ ಚಾಕೊಲೇಟ್ ಜಾರಿಸಿದ್ರು. ಆ ಅಸ್ಥಿಪಂಜರವನ್ನ ಬಿಚ್ಚಿ ಇಡೋಕೆ ಜಾಗ ಇಲ್ಲ, ಹಾಗಾಗಿ ಅದು ವರ್ಷಪೂರ್ತಿ ಅಲ್ಲೇ, ಡಿಸೆಂಬರ್‌ಗೆ ಟೋಪಿ, ಫೆಬ್ರವರಿಗೆ ಕೆಂಪು ಹಾರ್ಟು.

2024ರಲ್ಲಿ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಂತು. ನಮ್ಮ ಬಾಗಿಲಲ್ಲಿ ರಂಗೋಲಿ, ದೀಪ, ಪಕ್ಕದಲ್ಲಿ 12 ಅಡಿ ಎಲುಬು. ರಂಗೋಲಿ ತುಳಿಯದ ಹಾಗೆ ದೆವ್ವಗಳು ಸಾಲಾಗಿ ಪಕ್ಕದಿಂದ ಬಂದು ಚಾಕೊಲೇಟ್ ತಗೊಂಡು ಹೋದ್ವು, ಎಂಥ ಸಂಸ್ಕಾರ. ತಾತನಿಗೆ ಒಂದು ಡಬ್ಬಿ ಕೋಡುಬಳೆ ಕೊಟ್ಟೆ, ಈ ಸಲ ಗುಂಟೂರು ಖಾರ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ನೋಡಿದ್ರೆ ಏಣಿ ಹತ್ತಿ ಅಸ್ಥಿಪಂಜರದ ಬೆರಳಿಗೆ ಒಂದೊಂದೇ ಕೋಡುಬಳೆ ಉಂಗುರದ ಥರ ತೊಡಿಸ್ತಾ ಇದಾರೆ. ರೀ ಅದು ತಿನ್ನೋದು ಅಂತ ಹೇಳೋಣ ಅಂತ ಹೊರಗೆ ಬಂದೆ. ಗೊತ್ತು ಗೊತ್ತು, ಅಳಿಲು ಬರದೇ ಇರಲಿ ಅಂತ, ನಾನು ಆಗಲೇ ಮೂರು ತಿಂದೆ ಅಂದ್ರು, ಕಣ್ಣಲ್ಲಿ ಮೂಗಲ್ಲಿ ನೀರು.