ಜೀನ್ಸ್ ರಾಜಧಾನಿಗೆ ಬಿಳಿ ಪ್ಯಾಂಟಿನವರು

ಬಳ್ಳಾರಿ ಮೂಗಿಗೆ ತುಪ್ಪ ಸವರುವುದೆಂದರೆ ನಾಯಕರಿಗೆ ಭಾರಿ ಇಷ್ಟ. 2023ರ ಚುನಾವಣೆ ಹೊತ್ತಿಗೆ ರಾಹುಲ್ ಗಾಂಧಿ ಬಂದು, ಇದನ್ನು ಜೀನ್ಸ್ ರಾಜಧಾನಿ ಮಾಡುತ್ತೇವೆ, 5,000 ಕೋಟಿ ರೂಪಾಯಿಯಲ್ಲಿ ಜೀನ್ಸ್ ಉದ್ಯಮದ ಪಾರ್ಕ್ ಮಾಡುತ್ತೇವೆ ಎಂದರು. ಜೀನ್ಸ್ ಬಗ್ಗೆ ಯಾರು ಭಾಷಣ ಮಾಡಲಿ, ವೇದಿಕೆ ತುಂಬ ಬಿಳಿ ಪ್ಯಾಂಟು, ಬಿಳಿ ಪಂಚೆ. ಒಬ್ಬರಾದರೂ ಊರಿನ ಮಾಲು ಹಾಕಿಕೊಂಡು ಬರಬಾರದಾ?

ಊರಿನ ಜೀನ್ಸ್ ಹೊಲಿಯುವ ಬೀದಿಗಳಿರುವ ಕೌಲ್ ಬಜಾರಿಗೆ ದೊಡ್ಡವರ ಅಳತೆ ಹೊಸದಲ್ಲ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ದಂಡು ಬಂತು, ದಂಡಿನ ಪಕ್ಕ ಬಜಾರು ಬೆಳೆಯಿತು. ಸಿಪಾಯಿಗಳ ಯೂನಿಫಾರ್ಮ್ ಹೊಲಿದ ಮನೆಗಳಿಂದಲೇ ಈ ಜೀನ್ಸ್ ಕಸುಬು ಬಂದದ್ದು ಅಂತ ಹಿರಿಯರು ಹೇಳುತ್ತಾರೆ. ಬ್ರಿಟಿಷರು ಹೋದರು. 1953ರಲ್ಲಿ ಆಂಧ್ರದವರ ಕೈಗೆ ಸಿಗದೆ ಊರು ಮೈಸೂರಿಗೆ ಬಂತು. ಪೀಸ್ ಲೆಕ್ಕದ ಕೂಲಿ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಒಂದು ಮನೆಯಲ್ಲಿ ಕಟಿಂಗ್, ಇನ್ನೊಂದರಲ್ಲಿ ಹೊಲಿಗೆ, ಮತ್ತೊಂದರಲ್ಲಿ ಕಾಜಾ-ಬಟನ್. ಹೊಸಿಲ ಮೇಲೆ ಕೂತ ಅಜ್ಜಿ ಒಂದೊಂದೇ ದಾರದ ತುದಿ ಕತ್ತರಿಸಿ, ಪ್ಯಾಂಟನ್ನು ಗುಡ್ಡೆಗೆ ಎಸೆಯುತ್ತಾರೆ. ಬೆರಳೆಲ್ಲ ನೀಲಿ. ಫ್ಯಾಷನ್ ಮಾಲಾದರೆ ಹೊಸ ಪ್ಯಾಂಟಿನ ಮೊಣಕಾಲು ಉಜ್ಜಿ ಹರಿಯುವುದಕ್ಕೂ ಕೂಲಿ ಉಂಟು. (ಸುಮ್ನೆ ದುಡ್ಡು ದಂಡ ಅಲ್ವಾ? ಹಾಕಿಕೊಂಡು ಬೈಕಿನಲ್ಲಿ ನಮ್ಮ ರಸ್ತೆಗಳಲ್ಲಿ ಒಂದು ಸುತ್ತು ಹೊಡೆದರೆ ಬಿಟ್ಟಿಯಾಗಿ ಹರಿಯುತ್ತದೆ.) ಕೊನೆಗೆ ಸೊಂಟಕ್ಕೆ ಯಾವುದೋ ದೊರೆಯ ಹೆಸರಿನಂಥ ಲೇಬಲ್. ಅದು ಬಿದ್ದ ಮೇಲೆ ಪ್ಯಾಂಟಿಗೆ ಬಳ್ಳಾರಿ ಯಾರೋ, ತಾನು ಯಾರೋ. ಬೆಂಗಳೂರಿನ ಗಾಜಿನ ಅಂಗಡಿಯಲ್ಲಿ ನಮ್ಮೂರ ಹುಡುಗನೇ ಅದಕ್ಕೆ ಜಾಸ್ತಿ ದುಡ್ಡು ಕೊಟ್ಟು, 'ಇದು ಲೋಕಲ್ ಅಲ್ಲ ಮಗಾ' ಅನ್ನುತ್ತಾನೆ.

ಇನ್ನು ವಾಷಿಂಗ್. ಬಟ್ಟೆ ಮೆತ್ತಗಾಗಬೇಕು, ಬಣ್ಣ ಮಾಸಬೇಕು, ಅದಕ್ಕೆ ಟ್ಯಾಂಕರ್‌ಗಟ್ಟಲೆ ನೀರು ಬೇಕು. ಇದು ಕುಡಿಯುವ ನೀರಿಗೇ ಕೊಡ ಹಿಡಿದು ಕಾಯುವ ಊರು! ತೊಳೆದ ನೀಲಿ ನೀರನ್ನು ಶುದ್ಧ ಮಾಡುವ ಘಟಕವೇ ರಾಜಧಾನಿಗೆ ಮೊದಲು ಬೇಕಾದದ್ದು. ಆದರೆ ಚರಂಡಿ ಪಕ್ಕ ನಿಂತು ರಿಬ್ಬನ್ ಕತ್ತರಿಸುವುದು ಯಾರಿಗೆ ಇಷ್ಟ? ಫೋಟೋ ಚೆನ್ನಾಗಿ ಬರುವುದಿಲ್ಲ.

ಹಾಗಾಗಿ ಮುಂದಿನ ಸಲ ಬರುವ ನಾಯಕರಿಗೆ ಶಾಲು, ಪೇಟ ಬೇಡ. ಸೀದಾ ಕೌಲ್ ಬಜಾರಿಗೆ ಕರೆದುಕೊಂಡು ಹೋಗಿ ಜೀನ್ಸಿಗೆ ಅಳತೆ ಕೊಡಿಸೋಣ. ಅಡ್ವಾನ್ಸ್ ಪೂರ್ತಿ ಇಸಿದುಕೊಳ್ಳೋಣ. ಪ್ಯಾಂಟು ಯಾವಾಗ ಸಿಗುತ್ತದೆ ಎಂದು ಕೇಳಿದರೆ ನಮ್ಮ ದರ್ಜಿ ಕೈ ಮುಗಿದು ಹೇಳಲಿ: "ಯೋಜನಾ ವರದಿ, ಅದೇ ಡಿಪಿಆರ್, ರೆಡಿ ಆಗ್ತಾ ಇದೆ ಸಾರ್."